ಫ್ರೀವೇ ಈಚೆಯ ಸ್ಕೂಲು

ಮಾರ್ಗಶಿರದ ಚಳಿ, ಬೆಳಗ್ಗೆ ಸ್ಕೂಲಿನ ಗಂಟೆ ಹೊಡೆಯುವುದಕ್ಕೆ ತುಸು ಮುಂಚಿನ ಹೊತ್ತು. ಅಮೆರಿಕದ ಲಿವರ್‌ಮೋರ್ ಕಡೆಯ ಗುಡ್ಡಗಳ ಮೇಲಿಂದ ಮಂಜು ಇನ್ನೂ ಸರಿದಿರಲಿಲ್ಲ. ನಂಜಮ್ಮ ಮೊಮ್ಮಗಳು ನಿಸರ್ಗಾಳನ್ನು ಕರೆದುಕೊಂಡು ಗೇಟಿಗೆ ಬಂದಾಗ ಪ್ರಿನ್ಸಿಪಾಲಮ್ಮ ಮಕ್ಕಳ ತಂದೆತಾಯಿಯರನ್ನು ನಿಲ್ಲಿಸಿಕೊಂಡು ಮಾತಾಡುತ್ತಿದ್ದರು. ನಿಸರ್ಗಾ ತನ್ನ ಮುರುಕು ಕನ್ನಡದಲ್ಲಿ ಅದನ್ನು ಅಜ್ಜಿಗೆ ದಾಟಿಸಿದಳು. ಸ್ಕೂಲು ಮುಚ್ಚಬಹುದಂತೆ.

ದಿನಾ ಎಷ್ಟು ಮಕ್ಕಳು ಬಂದು ಕೂರುತ್ತಾರೋ ಅದರ ಮೇಲೆ ಸರ್ಕಾರದ ದುಡ್ಡು. ಇಲ್ಲಿ ಅರ್ಧಕ್ಕರ್ಧ ಮಕ್ಕಳು ಇಂಗ್ಲಿಷಿಗೆ ಹೊಸಬರು, ಆದ್ದರಿಂದ ಮಾರ್ಕು ಕಡಿಮೆ, ರೇಟಿಂಗು ಹತ್ತಕ್ಕೆ ನಾಲ್ಕು. ಅನುಕೂಲ ಇದ್ದವರು ಫ್ರೀವೇ ಅನ್ನುವ ಹೆದ್ದಾರಿಯ ಆಚೆ ಮನೆ ಮಾಡುತ್ತಾರೆ, ಇಲ್ಲಿ ಬೆಂಚು ಖಾಲಿಯಾಗುತ್ತದೆ. ಅದು ಸಾಲದೆಂದು ಡಿಸೆಂಬರ್ ಬಂತೆಂದರೆ ಕನ್ನಡದವರು ರಜೆಗೆ ಮೊದಲೇ ಮಕ್ಕಳನ್ನು ಊರಿಗೆ ಕರೆದೊಯ್ದು ಸಂಕ್ರಾಂತಿ ಮುಗಿಸಿ ಕರೆತರುತ್ತಾರೆ.

ನಂಜಮ್ಮ, ನಿಸರ್ಗಾ ಇಬ್ಬರ ಟಿಕೆಟ್ಟೂ ಆಗಿತ್ತು, ಮಂಡ್ಯದ ಹಳ್ಳಿಯಲ್ಲಿ ಮಾರಮ್ಮನ ಹರಕೆಗೆ. ಕಾರಿಲ್ಲದೆ ಏನೂ ಸಿಗದ ಈ ಪರದೇಶದ ಊರಲ್ಲಿ ನಂಜಮ್ಮನ ಕಾಲಿಗೆ ಎಟುಕುತ್ತಿದ್ದ ಜಾಗ ಈ ಸ್ಕೂಲೊಂದೇ. ಇದೂ ಹೋದರೆ ಅವಳು ಅಪಾರ್ಟ್‌ಮೆಂಟಿನ ಗೋಡೆ ನೋಡಿಕೊಂಡು ಕೂರಬೇಕಿತ್ತು.

ಸಂಜೆ ಸೊಸೆ ಬಿಂದುಶ್ರೀ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. “ಮುಚ್ಚಲಿ ಬಿಡಿ ಅತ್ತೆ. ಆಚೆ ಸ್ಕೂಲಿನ ರೇಟಿಂಗು ಒಂಬತ್ತು.”

“ಆ ಒಂಬತ್ತು ಅನ್ನೋದು ಮಕ್ಕಳದ್ದೋ, ಅಲ್ಲಿನ ಮನೆ ರೇಟಿಂದೋ?” ಎಂದಳು ನಂಜಮ್ಮ.

ಮಗ ಯೋಗಾನಂದ ನಕ್ಕ. ಮಗು ಊರಿಗೆ ಬರಲ್ಲ, ಇಲ್ಲೇ ಇದ್ದು ಸ್ಕೂಲಿಗೆ ಹೋಗುತ್ತೆ, ನಾನೊಬ್ಬಳೇ ಹೋಗ್ತೀನಿ ಎಂದು ನಂಜಮ್ಮ ಹೇಳಿದಾಗ ನಗು ನಿಂತಿತು.

“ಹರಕೆ ಇರೋದೇ ಅವಳ ಹೆಸರಲ್ಲಿ ಕಣವ್ವ.”

“ಮಾರಮ್ಮ ಕೇಳಿದ್ರೆ ಸ್ಕೂಲಿಗೆ ಹೋಗವ್ಳೆ ಅಂತೀನಿ. ಬ್ಯಾಸಿಗೆ ರಜಕ್ಕೆ ಕರ್ಕಬತ್ತೀನಿ ಅಂತೀನಿ. ಅವಳೂ ಹೆಂಗ್ಸು, ಕಾಯ್ತಾಳೆ.”

ಮಾರನೆಯ ದಿನದಿಂದ ನಂಜಮ್ಮ, ಮಕ್ಕಳನ್ನು ಈಗ ಊರಿಗೆ ಕರೆದೊಯ್ಯಬೇಡಿ ಎಂದು ಕನ್ನಡದವರ ಬಾಗಿಲು ಬಡಿದಳು. ಕೆಲವರು ಕಾಫಿ ಕೊಟ್ಟರು, ಮಾತು ಕೊಡಲಿಲ್ಲ. ಮೇಲಿನ ಮಹಡಿಯ ಹಾಸನದ ಶಿವರಾಮು, ಮೊಮ್ಮಗ ಅನಿಕೇತನನ್ನು ಕರೆದುಕೊಂಡು ಊರಿಗೆ ಹೊರಟಿದ್ದವರು, ಛೇಡಿಸಿದರು. “ಪ್ಲೇನಲ್ಲಿ ಬಾತ್‌ರೂಮು ಎಲ್ಲಿ ಅಂತ ಕೇಳೋಕೂ ಇಂಗ್ಲಿಷ್ ಬರಲ್ಲ, ಒಬ್ರೇ ಹೊರಟ್ರಾ?”

“ಅದನ್ನ ಕೇಳೋದ್ಯಾಕೆ, ಎದ್ದು ಹುಡುಕಿದ್ರಾಯ್ತು. ಈ ಸ್ಕೂಲು ಮುಚ್ಚಿದ್ರೆ ನಿಮ್ಮ ಅನಿಕೇತ ನಾಳೆ ಆ ಫ್ರೀವೇನ ನಡ್ಕಂಡು ದಾಟ್ತಾನಾ, ಅದ ಹೇಳಿ.”

ಎರಡು ದಿನ ಬಿಟ್ಟು ಶಿವರಾಮು ತಮ್ಮ ಟಿಕೆಟ್ಟು ಬೇಸಿಗೆಗೆ ಹಾಕಿಸಿಕೊಂಡರು. ಅವರನ್ನು ನೋಡಿ ಇನ್ನೂ ಕೆಲವರು ಹಾಕಿಸಿದರು. ಎಲ್ಲರೂ ಅಲ್ಲ. ಸ್ಕೂಲಿನ ತೀರ್ಮಾನಕ್ಕೆ ಚಳಿಗಾಲ ಕಳೆಯಬೇಕಿತ್ತು. ಅಲ್ಲಿಯವರೆಗೆ ಬೆಂಚು ಖಾಲಿ ಬಿಡಬಾರದು, ಅಷ್ಟೇ ಎಂದಳು ನಂಜಮ್ಮ.

ಮಂಗಳವಾರ ಪಯಣ ಬೇಡವೆಂದು ಸೊಸೆ ತಡೆದಳು. ಅದು ಮಾರಮ್ಮನದೇ ವಾರ ಎಂದು ನಂಜಮ್ಮ ಚೀಲ ಎತ್ತಿಕೊಂಡಳು. ಶಿವರಾಮು ಅನಿಕೇತನನ್ನೂ ನಿಸರ್ಗಾಳನ್ನೂ ಎರಡು ಕೈಯಲ್ಲಿ ಹಿಡಿದು ಸ್ಕೂಲಿನ ಕಡೆ ನಡೆದರು. ಆ ಮಂಗಳವಾರ ಊರಿಗೆ ಹೊರಟವಳು ನಂಜಮ್ಮ ಒಬ್ಬಳೇ.