ದೂರಕ್ಕೊಂದು ಕೊಂಬು

ಕೈಗಡಿಯಾರದ ಮುಳ್ಳನ್ನು ಈಗಲೇ ತಿರುಗಿಸಬೇಕೋ ಇಳಿದ ಮೇಲೋ, ಮನುಕುಲದ ಮುಂದೆ ಇದಕ್ಕಿಂತ ಗಹನವಾದ ಪ್ರಶ್ನೆ ಇದುವರೆಗೆ ಎದ್ದಿಲ್ಲ ಎಂಬಂತೆ ಪಕ್ಕದ ಸೀಟಿನ ಯಜಮಾನರು ತಮ್ಮ ಗಡಿಯಾರದ ಕಿವಿ ಹಿಂಡುತ್ತಾ ಕೂತಿದ್ದಾರೆ, ಎರಡೂವರೆ ಗಂಟೆ ಮುಂದಕ್ಕೆ ಅಲ್ವೇನಮ್ಮಾ, ಹೌದು ಸರ್ ಮುಂದಕ್ಕೆ, ಇಪ್ಪತ್ತೆರಡು ವರ್ಷ ವಿಮಾನದ ಟಿಕೆಟ್ ಕೌಂಟರಿನಲ್ಲಿ ಕೂತು ಸವೆಸಿದ ಮಾತು, ಬಾಯಿ ತಾನಾಗಿ ಹೇಳಿತು, ಹೇಳಿದ ಮೇಲೆ ಕಿವಿ ಕೇಳಿಸಿಕೊಂಡಿತು — ಮುಂದಕ್ಕೆ — ಅಯ್ಯೋ, ನನ್ನ ಕೈಯಲ್ಲಿ ಹನ್ನೊಂದು ಇಪ್ಪತ್ತು, ಅಕ್ಕ ಇರುವ ದೇಶದಲ್ಲಿ ಒಂದು ಐವತ್ತು, ಇನ್ನು ಹತ್ತೇ ನಿಮಿಷಕ್ಕೆ ಅವಳನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ಯುತ್ತಾರೆ, ನಾನಿನ್ನೂ ಮೋಡದ ಮೇಲೆ. ನಿನ್ನೆ ಸಂಜೆ ಭಾವನಿಗೆ ಮಗ್ಗಿಯಂತೆ ಒಪ್ಪಿಸಿದ್ದೆ, ನಾಲ್ಕು ಸಾವಿರದ ಇನ್ನೂರ ಹನ್ನೆರಡು ಕಿಲೋಮೀಟರ್, ಐದೂವರೆ ಗಂಟೆ, ಬೆಳಿಗ್ಗೆ ಏಳಕ್ಕೆ ಹೊರಟರೆ ಹನ್ನೆರಡೂವರೆಗೆ ಇಳೀತೀನಿ, ಟಿಕೆಟ್ ನೋಡಿ ಹೇಳಮ್ಮಾ ಅಂದರು ಪಾಪ, ಮೀನಿಗೆ ಈಜು ಕಲಿಸ್ತೀರಾ ಭಾವ, ಅಂದೆ. ರಾತ್ರಿಯ ವಿಮಾನದಲ್ಲೂ ಸೀಟಿತ್ತು, ಬೇಡವೆಂದೆ, ಹನ್ನೊಂದು ವರ್ಷದ ಮೇಲೆ ನೋಡುತ್ತಾಳೆ, ನಿದ್ದೆಗೆಟ್ಟ ಮುಖ ಯಾಕೆ ತೋರಿಸಲಿ. ಅದಕ್ಕೂ ಮೊದಲು ಅಕ್ಕನೇ ಫೋನಿನಲ್ಲಿ, ಜಲ್ಲಿಯ ಮೇಲೆ ಹಲಗೆ ಎಳೆದಂಥ ದನಿ, ಗಂಟಲಲ್ಲಿ ಗಡ್ಡೆ ಕಣೇ, ಧ್ವನಿಪೆಟ್ಟಿಗೇನೇ ತೆಗೀತಾರಂತೆ, ನಾಳೆ ಮಧ್ಯಾಹ್ನ ಎರಡಕ್ಕೆ, ಆಮೇಲೆ ಮಾತಿಲ್ಲ ಕತೆಯಿಲ್ಲ, ನಿನ್ನ ಬೈಯೋದು ಬಾಕಿ ಇದೆ, ಬಾ. ಈಗಲೇ ಬೈಯಿ ಅಕ್ಕಾ. ಫೋನಲ್ಲಿ ಬೈದ್ರೆ ಇಟ್ಬಿಡ್ತೀಯ, ಗೊತ್ತಿಲ್ವಾ ನಂಗೆ. ಇಟ್ಟಿದ್ದೆ, ನಿಜ, ಹನ್ನೊಂದು ವರ್ಷದ ಹಿಂದೆ, ಊರಿಗೆಲ್ಲ ಟಿಕೆಟ್ ಮಾಡಿಕೊಡ್ತೀಯ, ನಿಂಗೊಂದು ಮಾಡ್ಕೊಳ್ಳೋಕಾಗಲ್ವಾ ಎಂದಿದ್ದಳು, ದೂರ ಅಲ್ವಾ ಅಕ್ಕಾ ಎಂದಿದ್ದೆ, ದೂರ ಅಲ್ಲ ಕಣೇ, ನಿಂಗೆ ಕೊಂಬು ಬಂದಿದೆ — ಟಕ್ಕನೆ ಇಟ್ಟೆ. ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ತಿದ್ದಿಸಿದವಳೂ ಅವಳೇ, ದೂರಕ್ಕೆ ಕೊಂಬು ಕೊಟ್ರೆ ದೂರು, ನೋಡಿ ಬರಿ ಪೆದ್ದಿ, ಹನ್ನೊಂದು ವರ್ಷ ಆ ಒಂದು ಕೊಂಬನ್ನೇ ಒರೆಸದೆ ಇಟ್ಟುಕೊಂಡೆ, ಇಳಿಯುವ ಹೊತ್ತು ಗೊತ್ತಿಲ್ಲದ ಗಿರಾಕಿಗಳನ್ನು ನೋಡಿ ಒಳಗೊಳಗೇ ನಕ್ಕೆ, ಅಲ್ಲಿಯ ಗಡಿಯಾರ ಬೇರೆ ಅಮ್ಮಾ, ಟಿಕೆಟ್ ಸರಿಯಾಗಿ ಓದಿ. ಯಜಮಾನರು ಮುಳ್ಳು ತಿರುಗಿಸಿ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದಾರೆ, ಅವರ ಮಣಿಕಟ್ಟಿನಲ್ಲಿ ಎರಡು, ಎರಡೂ ಐದು, ಅಕ್ಕ ಬಾಗಿಲ ಕಡೆ ಕತ್ತು ತಿರುಗಿಸಿರಬಹುದು, ನನ್ನದರ ಕಿವಿ ಹಿಂಡಲು ಮಾತ್ರ ಬೆರಳು ಏಳುತ್ತಿಲ್ಲ, ಹಿಂಡದಿದ್ದರೆ ಇನ್ನೂ ಹೊತ್ತಿದೆ. ಗಾಲಿ ನೆಲಕ್ಕೆ ತಾಗಿತು, ಫೋನು ಜೀವ ಪಡೆಯಿತು, ಅತ್ತ ಕಡೆ ಭಾವ, ಹನ್ನೆರಡೂವರೆಯಿಂದ ಕಾದ್ಲಮ್ಮಾ, ಬೆಳಿಗ್ಗೆಯಿಂದ ನನ್ನ ಹತ್ರಾನೂ ಒಂದು ಮಾತಾಡ್ಲಿಲ್ಲ, ಇರೋ ದನಿ ತಂಗಿಗೇ ಇರಲಿ ಅಂತ ಚೀಟಿ ಬರೆದು ತೋರಿಸ್ತಿದ್ಲು, ಎರಡಕ್ಕೆ ಒಳಗೆ ಕರ್ಕೊಂಡು ಹೋದ್ರು. ನನ್ನ ಕೈಗಡಿಯಾರದಲ್ಲಿ ಸರಿಯಾಗಿ ಹನ್ನೆರಡೂವರೆ.