ಬಂಗುಡೆಯ ಕಿವಿರು

ದುಗ್ಗಪ್ಪನಿಗೆ ಬೋಳಾರದಲ್ಲಿ ದೊಡ್ಡ ಹೆಸರೇನೂ ಇರಲಿಲ್ಲ. ಮೀನು ಆರಿಸುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಮಾತ್ರ ಬೇಕಾದಷ್ಟಿತ್ತು. ದುಬೈಯಲ್ಲಿ ವರ್ಷಾನುಗಟ್ಟಲೆ ಐಸಿನ ಮೀನು ತಿಂದು ಊರಿಗೆ ಬಂದ ಮೇಲೆ ಮೀನಿನ ಚೀಲವನ್ನು ಹೆಂಡತಿಯ ಕೈಗೆ ಕೊಟ್ಟವನೇ ಅಲ್ಲ. ಕಳೆದ ಮಳೆಗಾಲದಲ್ಲಿ ಹೇಮಾಕ್ಷಿ ಆ ಚೀಲವನ್ನು ಕಿತ್ತುಕೊಂಡಳು. ಅವಳದ್ದು ತಪ್ಪೆನ್ನುವ ಹಾಗಿಲ್ಲ. ಅವನು ತಂದ ಬಂಗುಡೆಯ ಸಾರನ್ನು ಪಕ್ಕದ ಮನೆಯ ಬೆಕ್ಕೂ ಮುಟ್ಟಿರಲಿಲ್ಲ.

ಕಣ್ಣಿನ ಡಾಕ್ಟರಮ್ಮ ಪರೀಕ್ಷಿಸಿ, ಮುಂಭಾಗಕ್ಕೆ ಪೊರೆ ಬಂದಿದೆ, ಹಿಂದಿನ ಪರದೆಯ ನಡುಭಾಗವೂ ಸವೆದಿದೆ ಎಂದರು. ನೇರ ನೋಡಿದಲ್ಲೆಲ್ಲ ಬೂದು ಮಚ್ಚೆ ಕೂರುವುದು ಆ ಸವೆತದಿಂದ. ಉಳಿದದ್ದೆಲ್ಲ ಚಹಾದ ಬಣ್ಣಕ್ಕೆ ತಿರುಗಿದ್ದು ಪೊರೆಯಿಂದ.

"ಪೊರೆ ತೆಗೀಬಹುದು, ಬೆಳಕು, ಬಣ್ಣ ಬರ್ತದೆ. ಆದರೆ ನಡುವಿನ ಮಚ್ಚೆ ಹೋಗುವುದಿಲ್ಲ. ಸ್ವಲ್ಪ ಓರೆಯಾಗಿ ನೋಡ್ಲಿಕ್ಕೆ ಅಭ್ಯಾಸ ಮಾಡ್ಬೇಕು."

"ಅರ್ಧಂಬರ್ಧ ಕಾಣ್ಲಿಕ್ಕೆ ಆಪರೇಷನ್ ಎಂತಕ್ಕೆ?" ಎಂದಳು ಹೇಮಾಕ್ಷಿ. ಅವಳಿಗೆ ಇದ್ದದ್ದೂ ಹೋದೀತೆಂಬ ಹೆದರಿಕೆ.

"ಮೀನಿನ ಕಿವಿರಿನ ಬಣ್ಣ ಗೊತ್ತಾಗ್ತದಾ ಡಾಕ್ಟ್ರೇ?" ಎಂದು ಕೇಳಿದ ದುಗ್ಗಪ್ಪ.

"ಗೊತ್ತಾಗಬಹುದು."

"ಹಾಗಾದ್ರೆ ಮಾಡಿ."

ಪಟ್ಟಿ ಬಿಚ್ಚಿದ ದಿನ, ಕಂದು ಅಂದುಕೊಂಡಿದ್ದ ಹೇಮಾಕ್ಷಿಯ ಸೀರೆ ಗಿಳಿ ಹಸುರಾಗಿತ್ತು. ಅವಳ ಮುಖ ಇರಬೇಕಾದಲ್ಲಿ ಮಾತ್ರ ಮಚ್ಚೆ ಹಾಗೆಯೇ ಕೂತಿತ್ತು. ಮೊದಲೇ ಗೊತ್ತಿದ್ದ ವಿಷಯವಾದರೂ ದುಗ್ಗಪ್ಪನಿಗೆ ಸಂಕಟವಾಯಿತು. ಅವಳಿಗೆ ಹೇಳಲಿಲ್ಲ.

ಕಣ್ಣಿನ ಗಾಯ ಪೂರ್ತಿ ಮಾಗಿದ ಮೇಲೆ ಚೀಲ ಕೇಳಿದ.

"ಕೊಡ್ತೇನೆ. ಹಾಳು ಮೀನು ತಂದ್ರೆ ಇನ್ನು ಕೇಳ್ಬಾರ್ದು," ಎಂದಳು.

ಮಾರುಕಟ್ಟೆಯಲ್ಲಿ ಮೀನು ಮಾರುವ ಕುಶಲಾಳ ಬುಟ್ಟಿಯಿಂದ ಬಂಗುಡೆ ಎತ್ತಿ, ಕಿವಿರು ಬಿಡಿಸಿ ಹಿಡಿದು, ಕಣ್ಣನ್ನು ಪಕ್ಕದ ವಿನೋದಾಳ ಬುಟ್ಟಿಯತ್ತ ತಿರುಗಿಸಿದ. ವಿನೋದಾ ಗಿರಾಕಿ ಬಂತೆಂದು ಸಡಗರದಿಂದ ಮೀನಿಗೆ ನೀರು ಚಿಮುಕಿಸಿದಳು.

"ಎಂತ ದುಗ್ಗಪ್ಪಣ್ಣ, ನನ್ನ ಮೀನು ಹಿಡ್ಕೊಂಡು ಅವಳದ್ದನ್ನು ನೋಡುವುದಾ?" ಎಂದಳು ಕುಶಲಾ.

"ಇಲ್ಲ ಮಾರಾಯ್ತಿ. ಅಲ್ಲಿ ನೋಡಿದ್ರೇ ನನಗೆ ಇದು ಕಾಣುವುದು. ಇದು ನಿನ್ನೆಯದ್ದು, ಕಿವಿರು ಕಂದಾಗಿದೆ. ಅಡಿಯದ್ದು ಕೊಡು."

ಕುಶಲಾ ಅಡಿಯ ಮೀನು ತೆಗೆದಳು. ಅದರ ಕಿವಿರು ದಾಸವಾಳದಷ್ಟು ಕೆಂಪಗಿತ್ತು. ದುಗ್ಗಪ್ಪನಿಗೆ ಆದ ಖುಷಿಯಲ್ಲಿ ಚೌಕಾಶಿ ಮಾಡುವುದೇ ಮರೆತುಹೋಯಿತು.

ಮನೆಯಲ್ಲಿ ಹೇಮಾಕ್ಷಿ ಮೆಟ್ಟುಕತ್ತಿಯ ಮುಂದೆ ಕೂತು ಒಂದೊಂದೇ ಮೀನಿನ ಕಿವಿರು ಎತ್ತಿ ನೋಡಿದಳು. ಹೊಗಳುವ ಜಾತಿಯವಳಲ್ಲ. ಎದ್ದು ಚೀಲ ತೊಳೆದು, ಅವನು ಅಂಗಿ ತೂಗುಹಾಕುವ ಮೊಳೆಗೇ ಸಿಕ್ಕಿಸಿ, ಮತ್ತೆ ಮೀನು ಕೊಯ್ಯಲು ಕೂತಳು. ದುಗ್ಗಪ್ಪ ಮೀಸೆಯಡಿಯಲ್ಲೇ ನಕ್ಕ.

ಮೀನಿಗೆ ಹೊಂದಿದ ಉಪಾಯ ಹೆಂಡತಿಗೂ ಹೊಂದೀತೆಂದು ಆ ಮಹಾರಾಯನಿಗೆ ಇಷ್ಟು ದಿನ ಹೊಳೆದಿರಲಿಲ್ಲ. ಈಗ ಹೊಳೆಯಿತು. ಅವಳತ್ತ ಮುಖ ಮಾಡಿ, ಕಣ್ಣನ್ನು ಗೋಡೆಯ ಕ್ಯಾಲೆಂಡರಿಗೆ ನೆಟ್ಟು ಕೂತ.

"ಕ್ಯಾಲೆಂಡರಲ್ಲಿ ಎಂತ ಉಂಟು?" ಎಂದಳು.

"ಎಂತ ಇಲ್ಲ. ನಿನ್ನನ್ನು ನೋಡ್ತಾ ಇದ್ದೇನೆ. ಮೂಗುಬೊಟ್ಟು ಹೊಳೀತಾ ಉಂಟು. ನೀನು ನಗುವುದು ಕಾಣ್ತದೆ."

ಹೇಮಾಕ್ಷಿಯ ಕೈ ನಿಂತಿತು. ಮೀನಿನ ಕೈಯನ್ನು ಕೆನ್ನೆಗೆ ತಾಗಿಸದೆ, ಭುಜದಿಂದ ಕಣ್ಣೊರೆಸಿಕೊಂಡಳು.

"ಸ್ವಲ್ಪ ಇರಿ," ಎಂದಳು. "ಮುಖ ತೊಳ್ಕೊಂಡು ಬರ್ತೇನೆ."