ಸಭಾಧ್ಯಕ್ಷರ ಗದ್ದದ ಕೆಳಗೆ

ನಾನು ಒಂದು ಮೈಕು. ಕೊಕ್ಕರೆಯ ಕತ್ತು, ಸ್ಪಂಜಿನ ತಲೆ. ಹುಟ್ಟಿದ್ದು ತಗಡಿನ ಶೆಡ್ಡಿನಲ್ಲಿ. ಬೆಸುಗೆ ಹಾಕಿದ ಹೆಂಗಸು ನನ್ನ ಮುಖಕ್ಕೆ ಬಾಯಿಟ್ಟು "ಹಲೋ, ಒನ್, ಟೂ, ತ್ರೀ" ಎಂದಳು. ಅದೇ ನನ್ನ ನಾಮಕರಣ. ಅಲ್ಲಿಂದ ನೇರ ವಿಧಾನಸಭೆಗೆ ಬಂದೆ, ಚುನಾವಣೆಗೆ ನಿಲ್ಲದೆಯೇ! ಸಭಾಧ್ಯಕ್ಷರ ಮೇಜಿನ ಮೇಲೆ ಕೂರಿಸಿದರು.

ಸಭಾಧ್ಯಕ್ಷರು ಶಿವಲಿಂಗಪ್ಪ ಹೂಗಾರರು. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವರ ಗದ್ದ, ಮೀಸೆಯ ಅಡಿಭಾಗ. ಎದುರಿಗೆ "ಸನ್ಮಾನ್ಯ ಅಧ್ಯಕ್ಷರೇಏಏ" ಎಂದು ರಾಗ ಎಳೆಯುವವರು, ಮೇಜು ಕುಟ್ಟುವವರು. ಸಿಟ್ಟು ಬಂದವರು ಪೀಠದ ಮುಂದಿನ ಬಾವಿಗೆ ಇಳಿಯುತ್ತಿದ್ದರು. ಆ ಬಾವಿಯಲ್ಲಿ ನೀರಿಲ್ಲ, ಆದರೂ ಎಷ್ಟೋ ಮಸೂದೆಗಳು ಅಲ್ಲೇ ಮುಳುಗಿವೆ. ಇಷ್ಟೆಲ್ಲ ಗದ್ದಲದ ನಡುವೆ ಒಬ್ಬರು ಎದ್ದು "ಕ್ರಿಯಾಲೋಪ!" ಎಂದರೆ, ಅಂದರೆ ಇದು ನಿಯಮಕ್ಕೆ ವಿರುದ್ಧ ಎಂದರೆ, ಮಾತಾಡುತ್ತಿರುವವರು ಮುಖ್ಯಮಂತ್ರಿಯೇ ಆದರೂ ಕೂರಬೇಕು. ಪೀಠದ ರೂಲಿಂಗ್ ಬರುವ ತನಕ ಕಲಾಪ ಅಲ್ಲಾಡುವಂತಿಲ್ಲ. ಮೊದಲ ಸಲ ಇದನ್ನು ಕಂಡಾಗ ನನ್ನ ತಂತಿಯೆಲ್ಲ ಜುಮ್ಮೆಂದಿತು.

ಹೂಗಾರರ ಊರಿಗೆ ಸೇತುವೆ ಇರಲಿಲ್ಲ. ಹೊಳೆ ತುಂಬಿದರೆ ಬಸುರಿಯರೂ ತೆಪ್ಪದಲ್ಲೇ ದಾಟಬೇಕು. ಸೇತುವೆಯ ನಿರ್ಣಯ ಸೋಮವಾರ ಮತಕ್ಕೆ ಬಂದು ಸೋತಿತ್ತು. ಆಡಳಿತ ಪಕ್ಷದ ಅರ್ಧ ಮಂದಿ ಆಗ ಕ್ಯಾಂಟೀನಿನಲ್ಲಿ ಮಸಾಲೆ ದೋಸೆಯ ಪರ ಕೈ ಎತ್ತುತ್ತಿದ್ದರು. ಗುರುವಾರ ಮಂತ್ರಿಗಳು ಅದನ್ನೇ ಮತ್ತೆ ತಂದರು. ಗ್ಯಾಲರಿಯ ತುಂಬ ಹೂಗಾರರ ಊರಿನವರು.

ವಿರೋಧ ಪಕ್ಷದ ಹೊಸ ಸದಸ್ಯೆ, ಕರಾವಳಿಯ ರಾಜೀವಿ ಬಂಗೇರ ಎದ್ದರು. "ಕ್ರಿಯಾಲೋಪ, ಅಧ್ಯಕ್ಷರೇ! ಸದನ ತಿರಸ್ಕರಿಸಿದ್ದನ್ನು ಇದೇ ಅಧಿವೇಶನದಲ್ಲಿ ಪುನಃ ತರ್ಲಿಕ್ಕೆ ಆಗುದಿಲ್ಲ."

"ಕೂತ್ಕೊಳ್ರೀ ಅಕ್ಕಾ! ಸೇತುವೆಗೂ ಕಲ್ಲು ಹಾಕ್ತೀರಾ?" ಎಂದು ಆಡಳಿತದ ಸಾಲು ಕೂಗಿತು.

"ಕಲ್ಲು ನಾನು ಹಾಕಿದ್ದಲ್ಲ ಮಾರಾಯ್ರೆ. ದೋಸೆ ತಿನ್ಲಿಕ್ಕೆ ಹೋದದ್ದು ನೀವು!"

ಆಡಳಿತ ಪಕ್ಷದ ಮುಖ್ಯ ಸಚೇತಕರು ಪೀಠದ ಬಳಿ ಬಂದು ಪಿಸುಗುಟ್ಟಿದರು: "ನಿಮ್ಮೂರಿನ ಕೆಲ್ಸ ಸಾರ್. ತಳ್ಳಿಹಾಕ್ಬಿಡಿ."

ಹೂಗಾರರು ಎದ್ದು ನಿಂತರು. ಪೀಠ ಎದ್ದರೆ ಸದನ ಕೂರಬೇಕು. ಎಲ್ಲರೂ ಕೂತರು. ಅವರು ನನ್ನ ಕತ್ತನ್ನು ತಮ್ಮ ಬಾಯಿಯತ್ತ ಬಗ್ಗಿಸಿಕೊಂಡರು.

"ರಾಜೀವಿಯವರ ಆಕ್ಷೇಪಣೆ ಸರಿ ಐತಿ. ಈ ನಿರ್ಣಯ ಈ ಅಧಿವೇಶನದಾಗ ಬರಂಗಿಲ್ಲ."

"ಶಿವಲಿಂಗಾ, ನೀನ ಹಿಂಗ ಅಂದ್ರ ಹ್ಯಾಂಗೋ!" ಗ್ಯಾಲರಿಯಿಂದ ಕೂಗಿದ್ದು ಅವರ ಸ್ವಂತ ಅಕ್ಕ. ಗ್ಯಾಲರಿಯವರು ಮಾತಾಡುವಂತಿಲ್ಲ. ಮಾತಾಡಿದವರನ್ನು ಹೊರಗೆ ಕಳಿಸಿ ಎಂದು ಹೇಳಬೇಕಾದವರೂ ಹೂಗಾರರೇ. ಹೇಳಿದರು.

ಸ್ವಂತ ಪಕ್ಷದವರೇ ಮುನಿದು ಅವರನ್ನು ಪೀಠದಿಂದ ಇಳಿಸಿದರು. ಮುಂದಿನ ಅಧಿವೇಶನದ ಹೊತ್ತಿಗೆ ಪೀಠದಲ್ಲಿ ಬೇರೊಬ್ಬರು, ಹೂಗಾರರು ಹಿಂದಿನ ಸಾಲಿನಲ್ಲಿ. ಸೇತುವೆಯ ನಿರ್ಣಯ ಮತ್ತೆ ಬಂತು. "ನಮ್ಮೂರ ಹೆಣ್ಮಕ್ಕಳು ಆ ಹೊಳಿ..." ಎಂದು ಅವರು ತೊಡಗಿದ್ದರಷ್ಟೇ, ವಿರೋಧ ಪಕ್ಷದ ಒಬ್ಬರು "ಕ್ರಿಯಾಲೋಪ! ಇದು ಸೋತ ನಿರ್ಣಯ!" ಎಂದರು. ಪಕ್ಷದವರೆಲ್ಲ ಕಿರುಚಾಡಿದರು. ಹೂಗಾರರು ಮಾತ್ರ ಅರ್ಧ ವಾಕ್ಯವನ್ನು ಬಾಯಲ್ಲೇ ಇಟ್ಟುಕೊಂಡು ತಟ್ಟನೆ ಕೂತರು.

"ಸೋತದ್ದು ಹಿಂದಿನ ಅಧಿವೇಶನದಲ್ಲಿ. ಆಕ್ಷೇಪಣೆ ತಳ್ಳಿಹಾಕಿದೆ," ಎಂದರು ಹೊಸ ಸಭಾಧ್ಯಕ್ಷರು. ನಿರ್ಣಯ ಪಾಸಾಯಿತು, ರಾಜೀವಿಯೂ ಕೈ ಎತ್ತಿದ್ದರು.

ಈಗ ನಾನು ಉಗ್ರಾಣದ ಕಪಾಟಿನಲ್ಲಿದ್ದೇನೆ, ಕತ್ತು ಸಡಿಲ, ಸ್ಪಂಜು ಪುಡಿಪುಡಿ. ಗುಡುಗಿದವರ ಮಾತೊಂದೂ ನೆನಪಿಲ್ಲ. ರೂಲಿಂಗ್ ಬಂದ ಮೇಲೆ ಹಿಂದಿನ ಸಾಲಿನಿಂದ ಮೆಲ್ಲಗೆ ಎದ್ದ ಆ ದನಿ ಮಾತ್ರ ಇನ್ನೂ ಕೇಳಿಸುತ್ತದೆ: "...ದಾಟೂದು ಭಾಳ ಕಷ್ಟ ಐತ್ರಿ, ಅಧ್ಯಕ್ಷರ."